ಚೀಲಕ್ಕೆ ಹಿಡಿಸುವ ಡ್ರೋನ್: ಮಿನಿ 4 ಪ್ರೋ ಸಾಕೇ, ಏರ್ 3 ಬೇಕೇ?

ಬೆಟ್ಟ ಹತ್ತಿ ಚಿತ್ರ ತೆಗೆಯುವವರಿಗೆ ಡ್ರೋನ್ ಕಂಪನಿ ಡಿಜೆಐನ ಮಿನಿ 4 ಪ್ರೋ ತೂಕದಲ್ಲೇ ಅರ್ಧ ಗೆದ್ದಿರುತ್ತದೆ: 249 ಗ್ರಾಂಗಿಂತ ಕಡಿಮೆ. ಅದೇ ಕಂಪನಿಯ ಏರ್ 3 ಸುಮಾರು 720 ಗ್ರಾಂ. ಆದರೆ ಗಾಳಿ ಎದ್ದಾಗ ಆ ಭಾರವೇ ಆಸರೆ. ಮಿನಿ ಸೆಕೆಂಡಿಗೆ 10.7 ಮೀಟರ್, ಏರ್ 3 ಸೆಕೆಂಡಿಗೆ 12 ಮೀಟರ್ ವೇಗದ ಗಾಳಿ ತಡೆಯುತ್ತದೆ ಎಂಬುದು ಕಂಪನಿಯ ಲೆಕ್ಕ. ಹಾರಾಟದ ಅವಧಿ 34 ಮತ್ತು 46 ನಿಮಿಷ ಅಂತಾರೆ. ಅದು ಗಾಳಿಯಿಲ್ಲದ ಜಾಗದ ಮಾತು. ಕಾಲುಭಾಗ ಚಾರ್ಜ್ ಇರುವಾಗಲೇ ಇಳಿಸಿಬಿಡಿ. ಎದುರುಗಾಳಿಯಲ್ಲಿ ವಾಪಸಾಗುವಾಗ ಬ್ಯಾಟರಿ ಹೋಗುವಾಗ ಕರಗಿದ್ದಕ್ಕಿಂತ ಬೇಗ ಕರಗುತ್ತದೆ.

ಈ ಡ್ರೋನ್‌ಗಳು 'ಗಟ್ಟಿಮುಟ್ಟು' ಎಂದು ಯಾರಾದರೂ ಹೇಳಿದರೆ ಸ್ವಲ್ಪ ಅನುಮಾನದಿಂದಲೇ ನೋಡಿ. ಇವೆರಡಕ್ಕೂ ನೀರು, ದೂಳು ತಡೆಯುವ ಐಪಿ ರೇಟಿಂಗ್ ಇಲ್ಲ. ತುಂತುರು ಮಳೆಗೂ ಹಾರಿಸಬಾರದು. ಬಿದ್ದಾಗ ಮೊದಲು ಕೈಕೊಡುವುದು ಹೆಚ್ಚಾಗಿ ಗಿಂಬಲ್ (ಕ್ಯಾಮೆರಾ ಅಲುಗದಂತೆ ಹಿಡಿಯುವ ಭಾಗ), ಅದರೊಳಗಿನ ತೆಳು ರಿಬ್ಬನ್ ಕೇಬಲ್. ಚೀಲಕ್ಕೆ ಹಾಕುವ ಮುನ್ನ ಗಿಂಬಲ್ ಕವರ್ ಮರೆಯಬೇಡಿ, ಆನ್ ಮಾಡುವ ಮುನ್ನ ಅದನ್ನು ತೆಗೆಯುವುದನ್ನೂ! ಮರಳಿನ ನೆಲವಾದರೆ ಲ್ಯಾಂಡಿಂಗ್ ಪ್ಯಾಡ್ ಹಾಸಿ, ಇಲ್ಲವಾದರೆ ಮೋಟರಿಗೆ ಮರಳು ಸೇರಿ ಕರಕರ ಎನ್ನುತ್ತದೆ.

ಮಿನಿಯ ತಿರುಗುವ ರೆಕ್ಕೆ (ಪ್ರೊಪೆಲ್ಲರ್) ಬದಲಿಸಲು ಪುಟ್ಟ ಸ್ಕ್ರೂಡ್ರೈವರ್ ಬೇಕು. ಏರ್ 3ರಲ್ಲಿ ಒತ್ತಿ ತಿರುಗಿಸಿದರೆ ಮುಗಿಯಿತು. ಅಂಚು ಸೀಳಿದ ರೆಕ್ಕೆಯನ್ನು ಅಂಟಿಸಿ ಹಾರಿಸಬೇಡಿ, ಕಂಪನದಿಂದ ವಿಡಿಯೊ ಅಲೆಅಲೆಯಾಗುತ್ತದೆ.

ಲೆನ್ಸಿನ ಅಪರ್ಚರ್, ಅಂದರೆ ಬೆಳಕು ಒಳಬರುವ ಕಿಂಡಿ, ಎರಡರಲ್ಲೂ ಸ್ಥಿರ. ಹಾಗಾಗಿ ಬಿಸಿಲಲ್ಲಿ ವಿಡಿಯೊ ತೆಗೆಯುವವರಿಗೆ ಬೆಳಕು ತಗ್ಗಿಸುವ ಎನ್‌ಡಿ ಫಿಲ್ಟರ್ ಬೇಕೇ ಬೇಕು. ನಡಿಗೆಯೇ ಹೆಚ್ಚಿದ್ದರೆ ನಮ್ಮ ಆಯ್ಕೆ ಮಿನಿ. ಕಡಲತೀರ, ಕಣಿವೆಯ ಗಾಳಿಗೆ ಏರ್ 3.