ಕಾರ್ಸ್ಟೆಡ್ ಕ್ಯಾಟಲಿಸ್ಟ್, 5 ಗ್ರಾಂ ಬಾಟಲಿ: ಎರಡು ವರ್ಷ ಬಳಸಿದ ಮೇಲೆ

ಹೋದ ವರ್ಷ ಬರೆದಿದ್ದರೆ ಒಂದೇ ಸ್ಟಾರ್ ಕೊಡುತ್ತಿದ್ದೆ.

ಇದು ಸಿಲಿಕೋನ್ ಜೋಡಿಸುವ ಕ್ರಿಯೆಗೆ ವೇಗ ಕೊಡುವ ಪ್ಲಾಟಿನಂ ದ್ರಾವಣ. ಮೈಸೂರಿನ ನಮ್ಮ ಪುಟ್ಟ ಲ್ಯಾಬಿಗೆ ತರಿಸಿದ್ದು ದ್ರಾವಕವಾದ ಜೈಲೀನ್‌ನಲ್ಲಿ 2% ಪ್ಲಾಟಿನಂ ಇರುವ ಬಾಟಲಿ. ಅಂದರೆ ಒಳಗಿರುವ ಪ್ಲಾಟಿನಂ ಬರೀ 0.1 ಗ್ರಾಂ. ಬಿಲ್ ನೋಡಿ ನಮ್ಮ ಗೈಡ್ ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ.

ನಾನು ಮಾಡುವುದು ಬೆಳೆಗೆ ಔಷಧಿ ಹೊಡೆಯುವಾಗ ಹನಿ ಎಲೆ ಮೇಲೆ ಹರಡಲಿ ಅಂತ ಬೆರೆಸುವ ಸಿಲಿಕೋನ್ ಸ್ಪ್ರೆಡರ್. ಟ್ರೈಸಿಲಾಕ್ಸೇನ್ (ಸಿಲಿಕೋನ್ ಭಾಗ) ಮತ್ತು ಅಲೈಲ್ ಪಾಲಿಈಥರ್ (ನೀರಿಗೆ ಒಗ್ಗುವ ಭಾಗ) ಎರಡನ್ನೂ ಜೋಡಿಸಬೇಕು. ಇವು ಸುಮ್ನೆ ಬೆರೆಯಲ್ಲ. ಕಲಕಿದರೆ ಫ್ಲಾಸ್ಕ್ ತೆಳು ಮಜ್ಜಿಗೆ ಹಾಗೆ ಕಾಣುತ್ತದೆ. 70 ಡಿಗ್ರಿಗೆ ಬಿಸಿ ಮಾಡಿ, ಸಿರಿಂಜಿನಲ್ಲಿ ಈ ಕ್ಯಾಟಲಿಸ್ಟ್ ಸುಮಾರು 6 ಮೈಕ್ರೋಲೀಟರ್ ಬಿಡುತ್ತೇನೆ. 10 ಗ್ರಾಂ ಮಿಶ್ರಣಕ್ಕೆ ಅಷ್ಟೇ ಸಾಕು, ಪ್ಲಾಟಿನಂ 10 ಪಿಪಿಎಂ, ಅಂದರೆ ಹತ್ತು ಲಕ್ಷಕ್ಕೆ ಹತ್ತು ಪಾಲು ಆಯಿತು. ಹೆಪ್ಪು ಹಾಕುವಾಗಲೂ ಇಷ್ಟು ಜುಗ್ಗತನ ಮಾಡಲ್ಲ ಯಾರೂ. ಆಮೇಲೆ ಸ್ಟೂಲ್ ಎಳೆದುಕೊಂಡು ಕೂರುತ್ತೇನೆ. ಥರ್ಮಾಮೀಟರ್ ತಾನಾಗಿ ಏರುತ್ತದೆ, ಬಿಳುಪು ಕರಗುತ್ತದೆ, ಫ್ಲಾಸ್ಕಿನ ಆಚೆ ಇಟ್ಟ ನೋಟ್‌ಬುಕ್ಕಿನ ಗೆರೆಗಳು ಕಾಣತೊಡಗುತ್ತವೆ. ಐಆರ್ (ಇನ್ಫ್ರಾರೆಡ್ ಪರೀಕ್ಷೆ) ತೆಗೆದರೆ 2150ರ ಆಸುಪಾಸಿನ ಸಿಲಿಕಾನ್-ಹೈಡ್ರೋಜನ್ ಪೀಕ್ ಮಾಯ, ಅಂದರೆ ಜೋಡಣೆ ಮುಗಿಯಿತು.

ಮೂರನೇ ತಿಂಗಳು ಐದು ಬ್ಯಾಚ್ ಮಜ್ಜಿಗೆಯಾಗಿಯೇ ಉಳಿದವು. ಹಾಳು ಮಾಲು ಕಳಿಸಿದ್ದೀರಿ ಎಂದು ಸಪ್ಲೈಯರ್‌ಗೆ ಖಾರವಾಗಿ ಮೇಲ್ ಹಾಕಿದೆ. ಕೊನೆಗೆ ಪಕ್ಕದ ಬೆಂಚಿನ ಹುಡುಗ ಫ್ಲಾಸ್ಕ್ ಮೂಸಿ, "ಅಕ್ಕಾ, ಇದು ನಾನು ಥಯೋಲ್ ಮಾಡಿದ ಫ್ಲಾಸ್ಕ್ ಅಲ್ವಾ?" ಎಂದ. ಥಯೋಲ್ ಅಂದರೆ ಗಂಧಕ ಇರುವ ಸಂಯುಕ್ತ. ಗಂಧಕ ಪ್ಲಾಟಿನಂಗೆ ಅಂಟಿಕೊಂಡರೆ ಬಿಡಲ್ಲ. ಅಷ್ಟು ಕಮ್ಮಿ ಕ್ಯಾಟಲಿಸ್ಟ್ ಕೊಲ್ಲಲು ವಾಸನೆಯಷ್ಟು ಸಾಕು. ಇನ್ನೊಂದು ಮೇಲ್ ಹಾಕಿ ಕ್ಷಮೆ ಕೇಳಿದೆ.

ಈಗ ನನ್ನ ಗಾಜಿನ ಸಾಮಾನು ಬೇರೆ. ಮೊದಲು ನೇಲ್ ಪಾಲಿಶ್‌ನಲ್ಲಿ ಗುರುತು ಮಾಡಿದ್ದೆ. ಅಸಿಟೋನ್‌ನಲ್ಲಿ ತೊಳೆದ ದಿನವೇ ಹೋಯಿತು, ನನ್ನ ಬುದ್ಧಿಗಿಷ್ಟು! ಈಗ ಕೆಂಪು ದಾರ ಕಟ್ಟಿದ್ದೇನೆ. ಲ್ಯಾಟೆಕ್ಸ್ ಗ್ಲೌಸೂ ಬೇಡ, ಅದರಲ್ಲೂ ಗಂಧಕ ಇರುತ್ತದೆ. ನೈಟ್ರೈಲ್ ಹಾಕಿ.

ಒಂದು ತಕರಾರು ಹಾಗೇ ಇದೆ. ಬಿಸಿ ಜಾಸ್ತಿಯಾದರೆ ಪ್ಲಾಟಿನಂ ಕಪ್ಪು ಕಣವಾಗಿ, ಸ್ಪ್ರೆಡರ್ ಡಿಕಾಕ್ಷನ್ ಬಣ್ಣಕ್ಕೆ ತಿರುಗುತ್ತದೆ. ಇದ್ದಿಲು ಹಾಕಿ ಸೋಸಿದರೂ ನನಗೆ ಪೂರ್ತಿ ಹೋಗಿಲ್ಲ. ದುಡ್ಡು ಕಮ್ಮಿ ಇದ್ದವರು 1957ರ ಸ್ಪೈಯರ್ ಕ್ಯಾಟಲಿಸ್ಟ್ ನೋಡಬಹುದು. ಐಸೋಪ್ರೊಪನಾಲ್‌ನಲ್ಲಿ ಕರಗಿಸಿದ ಕ್ಲೋರೋಪ್ಲಾಟಿನಿಕ್ ಆಸಿಡ್, ಅಷ್ಟೇ. ಆದರೆ ಅದು ಶುರುವಾಗುವವರೆಗೆ ಕಾಯುವ ತಾಳ್ಮೆ ನನಗಿಲ್ಲ.

ಹೋದ ತಿಂಗಳು ಮಂಡ್ಯದ ಊರಿಗೆ ಒಂದು ಚಿಕ್ಕ ಸೀಸೆ ಒಯ್ದಿದ್ದೆ. ಒಂದು ಲೀಟರ್ ನೀರಿಗೆ 1 ಎಂಎಲ್ ಹಾಕಿ ಹಿತ್ತಿಲ ಕೆಸುವಿನ ಎಲೆ ಮೇಲೆ ಚಿಮುಕಿಸಿದೆ. ಉರುಳಿ ಬೀಳಬೇಕಿದ್ದ ಹನಿ ಹಾಗೇ ಹರಡಿಕೊಂಡಿತು. ಅಪ್ಪ ಬಗ್ಗಿ ಎಲೆ ಮುಟ್ಟಿ ನೋಡಿದರು.

"ಏನ್ ಮಗ, ಎಲೆ ನೀರ್ ಕುಡ್ದುಬುಡ್ತಾ?"