ಹೆಬ್ಬಾತುಗಳ ಗುಳಿಗೆ ಆಹಾರ: ಮರಿಯಿಂದ ಮೊಟ್ಟೆಯ ಹಂತದವರೆಗೆ ಬಳಸಿದವರ ವಿಮರ್ಶೆ

ನೀರುಹಕ್ಕಿಗಳಿಗೆಂದೇ ತಯಾರಾಗುವ ಗುಳಿಗೆ ಆಹಾರವನ್ನು ನಮ್ಮ ಹೆಬ್ಬಾತುಗಳಿಗೆ ಹಲವು ವರ್ಷಗಳಿಂದ ಕೊಡುತ್ತಿದ್ದೇನೆ. ಮೊಟ್ಟೆಯೊಡೆದು ಬಂದ ಮರಿಗಳಿಗೆ ಪುಡಿಗುಳಿಗೆ, ಬೆಳೆದ ಹಕ್ಕಿಗಳಿಗೆ ದೊಡ್ಡ ಗುಳಿಗೆ, ಮೊಟ್ಟೆಯಿಡುವ ಕಾಲಕ್ಕೆ ಬೇರೆಯದೇ ಮಿಶ್ರಣ ಎಂದು ಮೂರೂ ಬಗೆಗಳನ್ನು ಬಳಸಿ ನೋಡಿದ ಮೇಲೆ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ. ಹೆಬ್ಬಾತಿನ ಮುಖ್ಯ ಆಹಾರ ಹುಲ್ಲು. ಹುಲ್ಲಿನಿಂದ ಸಿಗದಿರುವುದನ್ನು, ಅಥವಾ ಸಾಲದಷ್ಟು ಸಿಗುವುದನ್ನು ತುಂಬಿಕೊಡುವುದಷ್ಟೇ ಗುಳಿಗೆಯ ಕೆಲಸ. ಆ ಕೆಲಸವನ್ನು ಮರಿಗಳ ಪುಡಿಗುಳಿಗೆ ಅತ್ಯುತ್ತಮವಾಗಿ ಮಾಡುತ್ತದೆ, ಅದಕ್ಕೆ ಐದಕ್ಕೆ ಐದು ಅಂಕ ಕೊಡುತ್ತೇನೆ. ದೊಡ್ಡ ಹಕ್ಕಿಗಳ ಗುಳಿಗೆಗೆ ನಾಲ್ಕು.

ಹೆಬ್ಬಾತನ್ನು ಕೋಳಿಯ ದೊಡ್ಡ ರೂಪವೆಂದು ತಿಳಿದು ಮೇವು ಹಾಕುವವರು ಇಂದಿಗೂ ಬಹಳ ಮಂದಿ ಇದ್ದಾರೆ. ಕೋಳಿ ಕಾಳು, ಹುಳು ಹೆಕ್ಕುವ ಹಕ್ಕಿ. ಹೆಬ್ಬಾತು ದನದಂತೆ ಮೇಯುವ ಹಕ್ಕಿ. ಅದರ ಕೊಕ್ಕಿನ ಅಂಚಿನಲ್ಲಿ ಗರಗಸದಂಥ ಏಣುಗಳಿದ್ದು, ಹುಲ್ಲಿನ ಎಳೆಯನ್ನು ಹಿಡಿದು ಕತ್ತರಿಸಲು ಅನುಕೂಲವಾಗಿವೆ. ಆದರೆ ದನಕ್ಕಿರುವಂಥ ಮೆಲುಕು ಹಾಕುವ ಹೊಟ್ಟೆ ಅದಕ್ಕಿಲ್ಲ. ತಿಂದ ಹುಲ್ಲು ಸ್ನಾಯುಮಯ ಜಠರದಲ್ಲಿ ಅರೆದು, ಸಾರವನ್ನಷ್ಟೇ ಬಿಟ್ಟುಕೊಟ್ಟು ಕೆಲವೇ ಗಂಟೆಗಳಲ್ಲಿ ಹೊರಬೀಳುತ್ತದೆ. ನಾರಿನ ಬಹುಪಾಲು ಜೀರ್ಣವಾಗುವುದೇ ಇಲ್ಲ. ಹೆಬ್ಬಾತು ದಿನದ ಹೆಚ್ಚಿನ ಹೊತ್ತು ಮೇಯುತ್ತಲೇ ಇರುವುದು ಇದರಿಂದಲೇ. ಈ ಸಂಗತಿ ಮನಸ್ಸಿನಲ್ಲಿದ್ದರೆ ಯಾವ ಆಹಾರ ಒಳ್ಳೆಯದು, ಯಾವುದು ಕೆಟ್ಟದ್ದು ಎಂಬ ಪ್ರಶ್ನೆ ಅರ್ಧ ಬಗೆಹರಿದಂತೆ.

ಗುಳಿಗೆಯ ನಿಜವಾದ ಬೆಲೆ ಗೊತ್ತಾಗುವುದು ಮರಿಗಳಲ್ಲಿ. ಮೊದಲ ನಾಲ್ಕು ವಾರಗಳಲ್ಲಿ ಹೆಬ್ಬಾತಿನ ಮರಿಗೆ ಸುಮಾರು ಶೇಕಡ 20ರಷ್ಟು ಪ್ರೋಟೀನ್ ಮತ್ತು ಪ್ರತಿ ಕಿಲೋ ಆಹಾರಕ್ಕೆ ಸುಮಾರು 65 ಮಿಲಿಗ್ರಾಂ ನಿಯಾಸಿನ್ (ಬಿ3 ಜೀವಸತ್ವ) ಬೇಕು. ಕೋಳಿಮರಿಗೆ ಬೇಕಾಗುವ ನಿಯಾಸಿನ್ ಇದರ ಅರ್ಧದ ಆಸುಪಾಸಿನಲ್ಲಿದೆ. ನಿಯಾಸಿನ್ ಕಡಿಮೆಯಾದಾಗ ಮರಿಯ ಮೊಣಕೀಲು ಊದಿಕೊಂಡು, ಕಾಲು ಬಿಲ್ಲಿನಂತೆ ಬಾಗಿ, ಕೊನೆಗೆ ನಿಲ್ಲಲಾರದೆ ಕುಳಿತೇ ಇರುವ ಸ್ಥಿತಿ ಬರುತ್ತದೆ. ಹೆಬ್ಬಾತಿನ ಮರಿ ದಿನದಿಂದ ದಿನಕ್ಕೆ ಕಣ್ಣಿಗೆ ಕಾಣುವಷ್ಟು ಬೆಳೆಯುವುದರಿಂದ, ಕಾಲಿನ ಮೇಲೆ ಬೀಳುವ ಭಾರವೂ ಅಷ್ಟೇ ವೇಗದಲ್ಲಿ ಏರುತ್ತದೆ. ಹೀಗಾಗಿ ಕೊರತೆಯನ್ನು ಮೊದಲ ವಾರದಲ್ಲೇ ತಡೆಯಬೇಕು. ನಾನು ಬಳಸುತ್ತಿರುವ ಪುಡಿಗುಳಿಗೆಯಲ್ಲಿ ಬೆಳೆದ ಮರಿಗಳ ಕಾಲು ತಪ್ಪದೆ ನೆಟ್ಟಗಿವೆ, ನಡಿಗೆಯಲ್ಲಿ ಕುಂಟು ಕಂಡಿಲ್ಲ. ಕೋಳಿಮರಿಯ ಆಹಾರವನ್ನೇ ಕೊಡಬೇಕಾದ ಪರಿಸ್ಥಿತಿಯಲ್ಲಿ ಬ್ರೂವರ್ಸ್ ಯೀಸ್ಟ್ (ಬಿಯರ್ ತಯಾರಿಕೆಯ ಯೀಸ್ಟ್) ಬೆರೆಸಿ ಕೊರತೆಯನ್ನು ತುಂಬಬಹುದು. ಆದರೆ ಕೋಳಿಮರಿಯ ಆಹಾರದಲ್ಲಿ ಹಲವು ಸಲ ಕಾಕ್ಸಿಡಿಯೋಸಿಸ್ ಎಂಬ ಕರುಳಿನ ರೋಗವನ್ನು ತಡೆಯುವ ಔಷಧ ಬೆರೆತಿರುತ್ತದೆ. ಅದರ ಪ್ರಮಾಣವನ್ನು ಕೋಳಿಮರಿ ತಿನ್ನುವ ಲೆಕ್ಕದಲ್ಲಿ ನಿಗದಿ ಮಾಡಿರುತ್ತಾರೆ, ಹೆಬ್ಬಾತಿನ ಮರಿಯೋ ಅದಕ್ಕಿಂತ ಎಷ್ಟೋ ಹೆಚ್ಚು ತಿನ್ನುತ್ತದೆ. ಔಷಧವಿಲ್ಲದ ನೀರುಹಕ್ಕಿಗಳ ಆಹಾರವನ್ನೇ ನಾನು ಆರಿಸಿಕೊಳ್ಳಲು ಇದೊಂದೇ ಕಾರಣ ಸಾಕಾಗಿತ್ತು.

ಇಷ್ಟು ಒಳ್ಳೆಯ ಆಹಾರವನ್ನು ಹೆಚ್ಚು ದಿನ, ಹೆಚ್ಚು ಪ್ರಮಾಣದಲ್ಲಿ ಕೊಟ್ಟರೂ ಹಾನಿಯೇ. ಅತಿಯಾದ ಪೋಷಣೆಯಿಂದ ಮರಿಯ ರೆಕ್ಕೆಗರಿಗಳು ಬೇಗ ಬಲಿತು, ಎಳೆಯ ಮಣಿಕೀಲಿಗೆ ಅವುಗಳ ಭಾರ ತಡೆಯಲಾಗದೆ, ರೆಕ್ಕೆಯ ತುದಿ ಹೊರಕ್ಕೆ ತಿರುಗಿ ನಿಲ್ಲುತ್ತದೆ. ಏಂಜಲ್ ವಿಂಗ್ ಎಂದು ಕರೆಯುವ ಈ ದೋಷವನ್ನು ಆರಂಭದಲ್ಲೇ ಗುರುತಿಸಿ, ರೆಕ್ಕೆಯನ್ನು ಸಹಜ ಭಂಗಿಯಲ್ಲಿ ಮಡಚಿ ಕೆಲವು ದಿನ ಮೃದುವಾಗಿ ಕಟ್ಟಿದರೆ ಸರಿಹೋಗುವ ಸಾಧ್ಯತೆಯಿದೆ. ಮೂಳೆ ಬಲಿತ ಮೇಲೆ ಅದು ಜೀವನಪರ್ಯಂತ ಉಳಿಯುತ್ತದೆ. ಆದ್ದರಿಂದ ನಾಲ್ಕನೆಯ ವಾರ ಕಳೆಯುತ್ತಿದ್ದಂತೆ ಶೇಕಡ 15ರ ಸುಮಾರು ಪ್ರೋಟೀನ್ ಇರುವ ಗುಳಿಗೆಗೆ ಬದಲಾಯಿಸಿ, ಮರಿಗಳನ್ನು ಹೆಚ್ಚು ಹೊತ್ತು ಎಳೆಹುಲ್ಲಿನಲ್ಲಿ ಬಿಡುವುದನ್ನು ನಾನು ಕಟ್ಟುನಿಟ್ಟಾಗಿ ಪಾಲಿಸುತ್ತೇನೆ. ಚೀಲದ ಮೇಲೆ ಈ ಬದಲಾವಣೆಯ ಸೂಚನೆ ಇದೆಯಾದರೂ ತೀರ ಸಣ್ಣ ಅಕ್ಷರದಲ್ಲಿದೆ. ದೊಡ್ಡದಾಗಿ ಮುದ್ರಿಸಬೇಕಾದ ಮಾತು ಅದು.

ಬೆಳೆದ ಹೆಬ್ಬಾತುಗಳಿಗೆ ಒಳ್ಳೆಯ ಹುಲ್ಲು ಸಿಗುವ ತಿಂಗಳುಗಳಲ್ಲಿ ಗುಳಿಗೆಯ ಅಗತ್ಯ ಬಹಳ ಕಡಿಮೆ. ಸಂಜೆ ಗೂಡಿಗೆ ಬರುವ ಅಭ್ಯಾಸ ಉಳಿಯಲೆಂದು ಒಂದು ಹಿಡಿ ಹಾಕಿದರೂ ನಡೆಯುತ್ತದೆ. ಹುಲ್ಲು ಒಣಗಿದ ಕಾಲದಲ್ಲಿ ಮಾತ್ರ ಒಂದೊಂದು ಹಕ್ಕಿಗೆ ದಿನಕ್ಕೆ ಸುಮಾರು 200 ಗ್ರಾಂವರೆಗೆ ಬೇಕಾಗಬಹುದು. ಹಿಟ್ಟಿನ ರೂಪದ ಆಹಾರ ಒದ್ದೆ ಕೊಕ್ಕಿಗೆ ಅಂಟಿ, ನೀರಿನಲ್ಲಿ ಕದಡಿ ವ್ಯರ್ಥವಾಗುತ್ತದೆ; ಗುಳಿಗೆಯಲ್ಲಿ ಆ ನಷ್ಟ ತುಂಬ ಕಡಿಮೆ. ಒಣ ಗುಳಿಗೆ ತಿನ್ನುವ ಹಕ್ಕಿಯ ಪಕ್ಕದಲ್ಲೇ ಮೂಗಿನ ಹೊಳ್ಳೆ ಮುಳುಗುವಷ್ಟು ಆಳದ ನೀರು ಇರಲೇಬೇಕು, ಇಲ್ಲವಾದರೆ ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಅರೆಯುವ ಜಠರಕ್ಕೆ ಕರಗದ ಸಣ್ಣ ಕಲ್ಲುಹರಳೂ ಬೇಕು. ಗೋಧಿ, ಓಟ್ಸ್, ಬಾರ್ಲಿಗಳನ್ನು ನೀರಿನಲ್ಲಿ ಹಾಕಿಕೊಟ್ಟರೆ ಹಕ್ಕಿಗಳು ಬಹಳ ಇಷ್ಟಪಟ್ಟು ತಿನ್ನುತ್ತವೆ. ಜೋಳದ ಕುಟುಂಬದ ಮೆಕ್ಕೆಜೋಳವನ್ನು ಮಾತ್ರ ಚಳಿಯ ದಿನಗಳಿಗೆ ಮೀಸಲಿಟ್ಟಿದ್ದೇನೆ, ಅದೂ ಸ್ವಲ್ಪ. ಅದರಲ್ಲಿರುವ ನಿಯಾಸಿನ್‌ನ ಬಹುಭಾಗ ಹಕ್ಕಿಯ ದೇಹಕ್ಕೆ ದಕ್ಕದ ರೂಪದಲ್ಲಿದೆ, ಮೇಲಾಗಿ ಯಕೃತ್ತಿನಲ್ಲಿ ಕೊಬ್ಬು ಸೇರುವುದು ಹೆಬ್ಬಾತಿನ ಜಾತಿಗುಣ. ಕೊಬ್ಬಿದ ಯಕೃತ್ತಿನ ಖಾದ್ಯವಾದ ಫ್ವಾ ಗ್ರಾ ತಯಾರಿಕೆಯಲ್ಲಿ ಮೆಕ್ಕೆಜೋಳವನ್ನು ಬಲವಂತವಾಗಿ ತುರುಕುವುದು ಈ ಗುಣವನ್ನು ಬಳಸಿಕೊಂಡೇ.

ಮೊಟ್ಟೆಯ ಕಾಲದ ಮಿಶ್ರಣದ ಬಗ್ಗೆ ಹೇಳುವುದು ಸ್ವಲ್ಪವೇ. ಮೊಟ್ಟೆಯಿಡುವ ಹೆಬ್ಬಾತಿಗೆ ಶೇಕಡ 2.25ರಷ್ಟು ಕ್ಯಾಲ್ಸಿಯಂ ಸಾಕು. ಮೊಟ್ಟೆಕೋಳಿಯ ಆಹಾರದಲ್ಲಿ ಅದು ಶೇಕಡ 3.5ರಿಂದ 4ರವರೆಗೆ ಇರುತ್ತದೆ, ಮರಿಗಳ ಮೂತ್ರಪಿಂಡಕ್ಕೆ ಅಷ್ಟು ಕ್ಯಾಲ್ಸಿಯಂ ಅಪಾಯಕಾರಿ. ಗಂಡು, ಹೆಣ್ಣು, ಮರಿ ಎಲ್ಲವೂ ಒಟ್ಟಿಗೆ ಮೇಯುವ ಹಿಂಡಿನಲ್ಲಿ ಸಾಮಾನ್ಯ ಗುಳಿಗೆಯನ್ನೇ ಹಾಕಿ, ಪುಡಿ ಮಾಡಿದ ಚಿಪ್ಪನ್ನು ಬೇರೆ ಬಟ್ಟಲಿನಲ್ಲಿ ಇಡುವುದು ನನಗೆ ಹೆಚ್ಚು ಸರಿಯೆನಿಸಿದೆ. ಬೇಕಾದ ಹಕ್ಕಿ ತಾನೇ ತಿನ್ನುತ್ತದೆ.

ಎಂಥ ಗುಳಿಗೆ ಕೊಟ್ಟರೂ ಅದರ ಜೊತೆ ಬೇರೇನು ಹೊಟ್ಟೆಗೆ ಹೋಗುತ್ತದೆ ಎಂಬುದರ ಮೇಲೆ ಫಲ ನಿಂತಿದೆ. ದಂಡೇಲಿಯನ್, ಕ್ಲೋವರ್, ಎಲೆಕೋಸು, ಕಡುಹಸಿರು ಲೆಟ್ಯೂಸ್, ಬಟಾಣಿ, ಸಣ್ಣಗೆ ತುರಿದ ಕ್ಯಾರೆಟ್, ಬೀಜ ತೆಗೆದ ಸೇಬು ಇವೆಲ್ಲ ನಿಶ್ಚಿಂತೆಯಿಂದ ಕೊಡಬಹುದಾದವು. ಪಾಲಕ್‌ನಲ್ಲಿರುವ ಆಕ್ಸಲೇಟ್ ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟುಕೊಳ್ಳುವುದರಿಂದ ಅದು ಅಪರೂಪಕ್ಕೆ ಸಾಕು. ಬ್ರೆಡ್ ವಿಷವಲ್ಲ, ಆದರೆ ಹೊಟ್ಟೆ ತುಂಬಿಸಿ ಹಸಿವನ್ನು ಕೊಲ್ಲುತ್ತದೆ; ಅದನ್ನು ತಿಂದ ಹಕ್ಕಿ ಹುಲ್ಲಿನ ಕಡೆ ಹೋಗುವುದಿಲ್ಲ. ಕೆರೆಕೊಳಗಳ ಬಳಿ ಹೆಬ್ಬಾತುಗಳಿಗೆ ಪ್ರೀತಿಯಿಂದ ಬ್ರೆಡ್ ಎಸೆಯುವವರು ಅದರ ಬದಲು ಓಟ್ಸ್ ಅಥವಾ ಬಟಾಣಿ ತಂದರೆ ಅದೇ ಪ್ರೀತಿ ಹಕ್ಕಿಗೂ ಹಿತವಾಗುತ್ತದೆ, ನೀರೂ ಕೊಳೆಯುವುದಿಲ್ಲ.

ನಿಜವಾಗಿ ವಿಷವಾಗುವವು ಬೇರೆ ಇವೆ. ಬೆಣ್ಣೆಹಣ್ಣಿನಲ್ಲಿರುವ ಪರ್ಸಿನ್ ಹಕ್ಕಿಗಳ ಹೃದಯಕ್ಕೆ ಹಾನಿ ಮಾಡುತ್ತದೆ. ಚಾಕೊಲೇಟ್‌ನ ಥಿಯೋಬ್ರೋಮಿನ್ ಕೂಡ ಹಾಗೆಯೇ. ಈರುಳ್ಳಿ ಮತ್ತು ಅದರ ಎಳೆಯ ಹಸಿರುದಂಟು ರಕ್ತಕಣಗಳನ್ನು ಒಡೆದು ರಕ್ತಹೀನತೆ ತರುತ್ತವೆ, ಇದು ಹೆಬ್ಬಾತುಗಳಲ್ಲಿಯೇ ದಾಖಲಾಗಿರುವ ಸಂಗತಿ. ಬೇಯಿಸದ ಒಣ ಹುರುಳಿಕಾಯಿ ಬೀಜ, ಅದರಲ್ಲೂ ಕೆಂಪು ರಾಜ್ಮಾ, ಲೆಕ್ಟಿನ್‌ನಿಂದ ಕರುಳನ್ನು ಕೆಡಿಸುತ್ತದೆ. ಹಸಿರು ತಿರುಗಿದ ಆಲೂಗಡ್ಡೆ, ಟೊಮೇಟೊ ಗಿಡದ ಎಲೆ, ಉಪ್ಪು ಹೆಚ್ಚಿರುವ ಕುರುಕಲು ತಿಂಡಿ ಯಾವುದೂ ಹಕ್ಕಿಯ ಹತ್ತಿರ ಸುಳಿಯಬಾರದು. ಕೀಟನಾಶಕ ಅಥವಾ ಕಳೆನಾಶಕ ಸಿಂಪಡಿಸಿದ ಹುಲ್ಲುಹಾಸಿಗೆ ಹಿಂಡನ್ನು ಬಿಡಲೇಬೇಡಿ. ಕತ್ತರಿಸಿ ರಾಶಿ ಹಾಕಿದ ಹುಲ್ಲು ನಿರುಪದ್ರವಿಯಂತೆ ಕಾಣುತ್ತದೆ, ಆದರೆ ಒಳಗೆ ಬಿಸಿಯೇರಿ ಬೂಷ್ಟು ಹಿಡಿಯುತ್ತದೆ. ಉದ್ದನೆಯ ಒರಟು ಎಳೆಗಳು ಅನ್ನನಾಳದಲ್ಲಿ ಉಂಡೆಗಟ್ಟಿ ದಾರಿ ಮುಚ್ಚುತ್ತವೆ.

ಬೂಷ್ಟಿನ ಮಾತು ಬಂದಿದ್ದರಿಂದ ದೊಡ್ಡ ಗುಳಿಗೆಗೆ ಒಂದು ಅಂಕ ಕಡಿಮೆ ಕೊಟ್ಟ ಕಾರಣವನ್ನು ಹೇಳಬೇಕು. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತಾಗ, ಆಹಾರದಲ್ಲಿ ಬೆರೆತಿದ್ದ ಬೂಷ್ಟು ಹಿಡಿದ ಕಡಲೆಕಾಯಿ ಹಿಂಡಿಯೇ ಕಾರಣವೆಂದು ಪತ್ತೆಯಾಯಿತು, ಅದರಿಂದಲೇ ಅಫ್ಲಾಟಾಕ್ಸಿನ್ ಎಂಬ ವಿಷ ಜಗತ್ತಿಗೆ ತಿಳಿಯಿತು. ನೀರುಹಕ್ಕಿಗಳ ಮರಿಗಳು ಈ ವಿಷಕ್ಕೆ ಎಷ್ಟು ಬೇಗ ತುತ್ತಾಗುತ್ತವೆಂದರೆ, ವಿಷವನ್ನು ಪರೀಕ್ಷಿಸಲು ವಿಜ್ಞಾನಿಗಳು ಒಂದು ದಿನದ ಬಾತಿನ ಮರಿಗಳನ್ನೇ ಬಳಸುತ್ತಿದ್ದರು. ಇಂಥ ಹಕ್ಕಿಗಳ ಆಹಾರದ ಚೀಲದ ಮೇಲೆ ತಯಾರಾದ ದಿನಾಂಕ ಸ್ಪಷ್ಟವಾಗಿ ಇರಬೇಕಲ್ಲವೇ? ನನಗೆ ಬಂದ ದೊಡ್ಡ ಗುಳಿಗೆಯ ಕೆಲವು ಚೀಲಗಳಲ್ಲಿ ದಿನಾಂಕ ಅಳಿಸಿಹೋಗಿತ್ತು, ತಳದಲ್ಲಿ ಗುಳಿಗೆ ಒಡೆದು ಹಿಟ್ಟಾಗಿತ್ತು. ನಿಯಾಸಿನ್ ಪ್ರಮಾಣವನ್ನೂ ಮರಿಗಳ ಚೀಲದ ಮೇಲೆ ಮಾತ್ರ ಮುದ್ರಿಸಿದ್ದಾರೆ.

ಚೀಲ ತೆರೆದ ಮೇಲೆ ಮುಚ್ಚಳ ಬಿಗಿಯಾದ ಡಬ್ಬಕ್ಕೆ ಸುರಿದು, ನೆಲದಿಂದ ಎತ್ತರದಲ್ಲಿ, ತಂಪಾದ ಒಣ ಜಾಗದಲ್ಲಿ ಇಟ್ಟು, ಕೆಲವೇ ವಾರಗಳಲ್ಲಿ ಮುಗಿಯುವಷ್ಟನ್ನು ಮಾತ್ರ ಕೊಳ್ಳುವುದು ಒಳ್ಳೆಯದು. ಹಳೆಯದಾದಷ್ಟೂ ಜೀವಸತ್ವಗಳು ಕುಗ್ಗುತ್ತವೆ. ಮುಗ್ಗಲು ವಾಸನೆ ಬಂದರೆ, ಗುಳಿಗೆಗಳು ಒಂದಕ್ಕೊಂದು ಅಂಟಿಕೊಂಡಿದ್ದರೆ, ಬೂಷ್ಟು ಕಂಡ ಭಾಗವನ್ನಷ್ಟೇ ತೆಗೆದು ಉಳಿದದ್ದನ್ನು ಹಾಕುವ ಯೋಚನೆ ಬೇಡ. ಅಫ್ಲಾಟಾಕ್ಸಿನ್ ಕಣ್ಣಿಗೆ ಕಾಣುವುದಿಲ್ಲ, ಬಿಸಿಲಿಗೆ ಒಣಗಿಸಿದರೂ ಪೂರ್ತಿ ಹೋಗುವುದಿಲ್ಲ. ಆ ಚೀಲವನ್ನು ಇಡಿಯಾಗಿ ಎಸೆದುಬಿಡಿ.