ಸ್ಟ್ರೋಕ್ ಆದ ನಾಯಿಗೆ ರಕ್ತ ಹೆಪ್ಪುಗಟ್ಟುವ ಟೆಸ್ಟ್: ಬಹಳ ಕಾಲ ಮಾಡಿಸಿದ ಮೇಲೆ ನನ್ನ ಅನಿಸಿಕೆ

ರೇಟಿಂಗ್: 5ಕ್ಕೆ 3

ನಮ್ಮ ಲ್ಯಾಬ್ರಡಾರ್ ಸುಬ್ಬುವಿಗೆ ವಯಸ್ಸಾದ ಮೇಲೆ ಸ್ಟ್ರೋಕ್ ಆಯಿತು. ಆಗಿನಿಂದ ಪಿಟಿ, ಎಪಿಟಿಟಿ (ರಕ್ತ ಹೆಪ್ಪುಗಟ್ಟಲು ಹಿಡಿಯುವ ಸಮಯ ಅಳೆಯುವ ಟೆಸ್ಟ್‌ಗಳು), ಪ್ಲೇಟ್‌ಲೆಟ್ (ಹೆಪ್ಪುಗಟ್ಟಲು ನೆರವಾಗುವ ರಕ್ತಕಣ), ಡಿ-ಡೈಮರ್ (ಹೆಪ್ಪು ಕರಗಿದಾಗ ಉಳಿಯುವ ಚೂರು) ಎಲ್ಲ ಸೇರಿದ ಪ್ಯಾನೆಲ್ ಆಗಾಗ ಮಾಡಿಸುತ್ತಾ ಬಂದಿದ್ದೇವೆ.

ಪಿಟಿ, ಎಪಿಟಿಟಿ ನೋಡುವುದು ರಕ್ತ ಹೆಪ್ಪುಗಟ್ಟಲು ತಡವಾಗುತ್ತಿದೆಯಾ ಅನ್ನುವುದನ್ನು. ಸ್ಟ್ರೋಕ್ ಆದ ಹೆಚ್ಚಿನ ನಾಯಿಗಳ ತೊಂದರೆ ಇದಕ್ಕೆ ಉಲ್ಟಾ, ರಕ್ತನಾಳ ಕಟ್ಟಿಕೊಂಡು ಮಿದುಳಿಗೆ ರಕ್ತ ಹೋಗಿರುವುದಿಲ್ಲ. ಹಾಗಾಗಿ ರಿಪೋರ್ಟ್ ನಾರ್ಮಲ್ ಬಂತು ಅಂತ ನಿಶ್ಚಿಂತೆಯಿಂದ ಕೂರುವ ಹಾಗಿಲ್ಲ.

ಮತ್ಯಾಕೆ ಮಾಡಿಸಬೇಕು ಅಂದ್ರೆ, ಕೆಲವು ನಾಯಿಗಳಿಗೆ ಮಿದುಳಿನೊಳಗೆ ರಕ್ತ ಸೋರಿಯೂ ಸ್ಟ್ರೋಕ್ ಆಗುತ್ತದೆ. ರಕ್ತ ಹೆಪ್ಪುಗಟ್ಟದಂತೆ ಮಾಡುವ ಬಗೆಯ ಇಲಿ ಪಾಷಾಣ ತಿಂದಿದ್ದರೆ ಪಿಟಿ ಏರುತ್ತದೆ. ಉಣುಗು ಕಚ್ಚಿ ಬರುವ ಟಿಕ್ ಫೀವರ್‌ನಲ್ಲಿ ಪ್ಲೇಟ್‌ಲೆಟ್ ಇಳಿಯುತ್ತದೆ. ಅಂಥ ನಾಯಿಗೆ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ ಕೊಟ್ಟರೆ ಇದ್ದ ಅಪಾಯ ಇನ್ನೂ ಜಾಸ್ತಿ. ಕ್ಲೋಪಿಡೋಗ್ರೆಲ್ ಅನ್ನುವ ಅಂಥದೇ ಮಾತ್ರೆ ಶುರು ಮಾಡುವ ಮುಂಚೆ ನಮ್ಮ ಡಾಕ್ಟ್ರು ಪ್ಯಾನೆಲ್ ಕೇಳಿದ್ದು ಇದಕ್ಕೇ. ಆ ಕೆಲಸಕ್ಕೆ ಪೂರ್ತಿ ಅಂಕ.

ಆಮೇಲೆ ಮಾಡಿಸಿದ್ದಕ್ಕೆ ಅಷ್ಟು ಕೊಡಲಾರೆ. ಕ್ಲೋಪಿಡೋಗ್ರೆಲ್ ಕೆಲಸ ಮಾಡುವುದು ಪ್ಲೇಟ್‌ಲೆಟ್‌ಗಳು ಒಂದಕ್ಕೊಂದು ಅಂಟದಂತೆ. ಮಾತ್ರೆ ಹತ್ತುತ್ತಿದೆಯಾ ಅನ್ನುವುದು ಪಿಟಿ, ಎಪಿಟಿಟಿಯಲ್ಲಿ ಕಾಣುವುದಿಲ್ಲ. ಡಿ-ಡೈಮರ್ ಏರಿದರೆ ಮೈಯಲ್ಲಿ ಎಲ್ಲೋ ಹೆಪ್ಪು ಕಟ್ಟಿ ಕರಗುತ್ತಿದೆ ಅಂತ ಅರ್ಥ, ಎಲ್ಲಿ ಅಂತ ಹೇಳುವುದಿಲ್ಲ. ಆಪರೇಷನ್ ಆಗಿದ್ದರೂ ಏರಬಹುದು. ಹೆಪ್ಪು ಕಟ್ಟುವುದರಿಂದ ಕರಗುವವರೆಗೆ ಇಡೀ ಓಟ ತೋರಿಸುವ ಟೆಸ್ಟ್ ಟಿಇಜಿ. ಮೈಸೂರಿನಲ್ಲಿ ನಾನು ಕೇಳಿದ ಕಡೆ ಅದು ಸಿಗಲಿಲ್ಲ.

ಇನ್ನು ಸ್ಯಾಂಪಲ್ ಗೋಳು. ನೀಲಿ ಮುಚ್ಚಳದ ಟ್ಯೂಬ್‌ನಲ್ಲಿ 9 ಪಾಲು ರಕ್ತಕ್ಕೆ 1 ಪಾಲು ಸಿಟ್ರೇಟ್ (ಟ್ಯೂಬ್‌ನಲ್ಲಿ ರಕ್ತ ಹೆಪ್ಪುಗಟ್ಟದಂತೆ ಇಡುವ ದ್ರವ) ಇರಬೇಕು. ಗೆರೆಯವರೆಗೆ ತುಂಬದಿದ್ದರೆ ಹೆಪ್ಪುಗಟ್ಟುವ ಸಮಯ ಸುಮ್‌ಸುಮ್ನೆ ಜಾಸ್ತಿ ತೋರಿಸುತ್ತದೆ. ನಾಯಿ ಒದ್ದಾಡಿ, ಸೂಜಿ ಎರಡು ಮೂರು ಸಲ ಚುಚ್ಚಿದರೂ ಲೆಕ್ಕ ಕೆಡಬಹುದು. ಒಂದು ಲ್ಯಾಬ್‌ನವರಂತೂ ಸುಬ್ಬುವಿನ ರಿಪೋರ್ಟ್‌ಗೆ ಮನುಷ್ಯರ ರೇಂಜ್ ಪ್ರಿಂಟ್ ಮಾಡಿ ಕಳಿಸಿದರು. ಮನುಷ್ಯರ ಪಿಟಿ ಸುಮಾರು 11ರಿಂದ 13 ಸೆಕೆಂಡ್, ನಾಯಿಗಳದ್ದು ಸಾಮಾನ್ಯವಾಗಿ ಅದಕ್ಕಿಂತ ಕಡಿಮೆ. ಸರಿಯಾಗಿದ್ದ ನಂಬರಿನ ಪಕ್ಕ 'ಲೋ' ಅಂತ ಗುರುತು! ಫೋನ್ ಮಾಡಿದರೆ 'ಮಷೀನ್ ಹಾಗೇ ಕೊಡುತ್ತೆ ಸಾರ್' ಅಂದರು.

ನಿಜ ಹೇಳಬೇಕೆಂದರೆ ನಮಗೆ ದಾರಿ ತೋರಿಸಿದ್ದು ಅಗ್ಗದ ಟೆಸ್ಟ್‌ಗಳು: ಮೂತ್ರದ ಪ್ರೋಟೀನ್ ಮತ್ತು ಬಿಪಿ. ಸುಬ್ಬುವಿನ ಕಿಡ್ನಿಯಿಂದ ಪ್ರೋಟೀನ್ ಸೋರುತ್ತಿತ್ತು. ಹೀಗೆ ಸೋರುವಾಗ ಹೆಪ್ಪುಗಟ್ಟದಂತೆ ತಡೆಯುವ ಆಂಟಿಥ್ರಾಂಬಿನ್ ಕೂಡ ಹೊರಟುಹೋಗುತ್ತದೆ. ಬಿಪಿಯೂ ಏರಿತ್ತು. ಕುಶಿಂಗ್ ಕಾಯಿಲೆ (ಮೈಯಲ್ಲಿ ಕಾರ್ಟಿಸಾಲ್ ಹಾರ್ಮೋನ್ ಜಾಸ್ತಿಯಾಗುವುದು) ಇರುವ ನಾಯಿಗಳಿಗೂ ಸ್ಟ್ರೋಕ್ ಭಯ ಇದೆ, ಅದನ್ನೂ ಪರೀಕ್ಷಿಸಿದರು. ಇರಲಿಲ್ಲ.

ಈಗ ಬಿಪಿ, ಮೂತ್ರ ತಪ್ಪದೆ ನೋಡಿಸುತ್ತೇವೆ. ಪೂರ್ತಿ ಪ್ಯಾನೆಲ್ ಬೇಕಾದಾಗ ಮಾತ್ರ. ಮುಂದಿನದು ಹಲ್ಲು ಕೀಳಿಸುವ ಮುಂಚೆ, ನಾಯಿಗಳದೇ ರೇಂಜ್ ಕೊಡುವ ಲ್ಯಾಬ್‌ನಲ್ಲಿ.